ಕರಿಯ ಹಾಳೆ, ಬಿಳಿಯ ಅಕ್ಷರ

ಸರ್ಕಾರಿ ಕಚೇರಿಗಳಲ್ಲಿ ‘ಕಡತ’ ಎಂಬ ಮಾತು ದಿನಕ್ಕೆ ಹತ್ತಾರು ಬಾರಿ ಕಿವಿಗೆ ಬೀಳುತ್ತದೆ. ಕಡತ ವಿಲೇವಾರಿಯಾಯಿತು, ಕಡತ ಮೇಲಧಿಕಾರಿಗಳ ಮೇಜಿಗೆ ಹೋಯಿತು, ಕಡತ ಎಲ್ಲಿಯೋ ಕಾಣೆಯಾಯಿತು ಎಂದು ಜನ ಆಡಿಕೊಳ್ಳುವುದುಂಟು. ರಟ್ಟಿನ ನಡುವೆ ದಾರದಿಂದ ಕಟ್ಟಿದ ಬಿಳಿಯ ಕಾಗದಗಳ ಕಟ್ಟು ಎಂಬುದೇ ಇಂದು ಆ ಮಾತಿನ ಅರ್ಥ. ಆದರೆ ಮೂಲದಲ್ಲಿ ಕಡತವು ಬಿಳಿಯದಾಗಿರಲಿಲ್ಲ, ಅದು ಕಪ್ಪಾಗಿತ್ತು. ಹುಣಸೆ ಬೀಜದ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ, ಅದನ್ನು ಬಟ್ಟೆಗೆ ಬಳಿದು ಒಣಗಿಸುತ್ತಿದ್ದರು. ಹೀಗೆ ಗಟ್ಟಿಯಾದ ಕರಿಯ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿಟ್ಟುಕೊಂಡು, ಬಳಪದ ಕಡ್ಡಿಯಿಂದ ಅದರ ಮೇಲೆ ಬರೆಯುತ್ತಿದ್ದರು. ಬರೆದುದು ಬೇಡವಾದಾಗ ಅಳಿಸಬಹುದಾಗಿತ್ತು. ಬಣ್ಣ ಮಾಸಿದಾಗ ಮತ್ತೊಮ್ಮೆ ಕಪ್ಪು ಬಳಿಯಬಹುದಾಗಿತ್ತು.

ಕನ್ನಡ ನಾಡಿನ ವರ್ತಕರು ತಮ್ಮ ಲೆಕ್ಕಪತ್ರಗಳನ್ನು ಇಂಥ ಕಡತಗಳಲ್ಲಿ ಬರೆದಿಡುತ್ತಿದ್ದರು. ಶೃಂಗೇರಿಯ ಮಠದಲ್ಲಿಯೂ ಹಳೆಯ ಕಡತಗಳಿದ್ದುದು ವಿದ್ವಾಂಸರ ಗಮನಕ್ಕೆ ಬಂದಿದೆ. ಶಾಲೆಯ ಮಕ್ಕಳ ಕೈಯ ಸ್ಲೇಟು ಮತ್ತು ಗೋಡೆಯ ಮೇಲಿನ ಕರಿಹಲಗೆ ಇದೇ ಬಗೆಯ ಸಾಧನಗಳೇ. ಕರಿಯ ನೆಲದ ಮೇಲೆ ಬಿಳಿಯ ಅಕ್ಷರವನ್ನು ಓದುವುದು ನಮ್ಮ ಜನಕ್ಕೆ ಹೊಸತೇನೂ ಅಲ್ಲ. ಕಾಗದ ಅಗ್ಗವಾಗಿ, ಮುದ್ರಣ ಮನೆಮನೆಗೂ ಬಂದ ಮೇಲೆ ಬಿಳಿಯ ಹಾಳೆಯೇ ಓದಿನ ಸಹಜ ರೂಪವೆಂಬ ಭಾವನೆ ಬೇರೂರಿತು. ಕಡತವು ಹೆಸರನ್ನು ಮಾತ್ರ ಉಳಿಸಿಕೊಂಡು ತನ್ನ ಬಣ್ಣವನ್ನು ಕಳೆದುಕೊಂಡಿತು.

ಕಂಪ್ಯೂಟರಿನ ಪರದೆಯ ಚರಿತ್ರೆಯಲ್ಲಿಯೂ ಇಂಥದೇ ಒಂದು ತಿರುವು ಕಾಣುತ್ತದೆ. ಮೊದಲ ಕಾಲದ ಪರದೆಗಳು ಬಹುಮಟ್ಟಿಗೆ ಕಪ್ಪಾಗಿದ್ದವು. ಗಾಜಿನ ಕೊಳವೆಯೊಳಗೆ ಎಲೆಕ್ಟ್ರಾನುಗಳ ಕಿರಣವು ಪ್ರತಿದೀಪ್ತಿಯ ಲೇಪಕ್ಕೆ ತಗುಲಿದ ಕಡೆ ಮಾತ್ರ ಬೆಳಕು ಮೂಡುತ್ತಿತ್ತು. ಉಳಿದ ನೆಲವೆಲ್ಲ ಕತ್ತಲೆ. 1981ರಲ್ಲಿ ಐಬಿಎಂ ಸಂಸ್ಥೆಯು ತನ್ನ ವೈಯಕ್ತಿಕ ಕಂಪ್ಯೂಟರಿನೊಡನೆ ಮಾರಿದ ಒಂದು ಪರದೆಯಲ್ಲಿ ಅಕ್ಷರಗಳು ಹಸಿರಾಗಿ ಹೊಳೆಯುತ್ತಿದ್ದವು. ಇಡೀ ಪರದೆಯನ್ನು ಬೆಳಗಿಸಿದರೆ ಅದರ ಮಿಣುಕು ಕಣ್ಣಿಗೆ ಹೆಚ್ಚು ತೋರುತ್ತಿದ್ದುದರಿಂದ ಆ ಕತ್ತಲೆಯ ನೆಲ ಅನುಕೂಲವೂ ಆಗಿತ್ತು. ಆದರೆ 1973ರಷ್ಟು ಹಿಂದೆಯೇ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದವರು ‘ಆಲ್ಟೊ’ ಎಂಬ ಯಂತ್ರವನ್ನು ಕಟ್ಟಿ, ಅದರ ಪರದೆಯನ್ನು ಕಾಗದದ ಹಾಳೆಯಂತೆ ನಿಲುವಾಗಿರಿಸಿ, ಬಿಳಿಯ ನೆಲದ ಮೇಲೆ ಕರಿಯ ಅಕ್ಷರವನ್ನು ತೋರಿಸಿದ್ದರು. ಕಚೇರಿಯ ಕಾಗದವನ್ನು ಪರದೆಯ ಮೇಲೆ ತರುವುದು ಅವರ ಉದ್ದೇಶವಾಗಿತ್ತು. 1984ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಅದೇ ಹಾದಿಯನ್ನು ಹಿಡಿಯಿತು. ಮುಂದೆ ಅಂತರಜಾಲ ಬಂದಾಗ, ಅದರ ಪುಟಗಳಲ್ಲಿ ಬಹುಪಾಲು ಬಿಳಿಯ ಹಾಳೆಗಳೇ ಆದವು.

ಆದರೆ ಕಾಗದದ ಬಿಳುಪಿಗೂ ಪರದೆಯ ಬಿಳುಪಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಕೋಣೆಯಲ್ಲಿ ಬೆಳಕು ಕಡಮೆಯಾದರೆ ಹಾಳೆಯೂ ಅಷ್ಟೇ ಮಂಕಾಗುತ್ತದೆ. ಪರದೆಯಾದರೋ ತಾನೇ ಬೆಳಕನ್ನು ಸೂಸುವ ವಸ್ತು. ಸುತ್ತಲೂ ಎಷ್ಟೇ ಕತ್ತಲೆಯಿದ್ದರೂ ತನ್ನ ಪ್ರಕಾಶವನ್ನು ಅದು ತಾನಾಗಿ ಬಿಟ್ಟುಕೊಡುವುದಿಲ್ಲ. ಮನೆಯ ಮಂದಿಯೆಲ್ಲ ಮಲಗಿರುವ ಹೊತ್ತು. ತಮ್ಮಂದಿರ ನಿದ್ದೆ ಕೆಡದಿರಲೆಂದು ದೀಪವನ್ನಾರಿಸಿ, ಪರೀಕ್ಷೆಗೆ ಓದುತ್ತಿರುವ ಹುಡುಗಿಯೊಬ್ಬಳು ಮತ್ತೊಂದು ಪುಟವನ್ನು ತೆರೆಯುತ್ತಾಳೆ. ಒಮ್ಮೆಗೇ ಮುಖದ ಮೇಲೆ ಟಾರ್ಚು ಹಾಕಿದಂತಾಗುತ್ತದೆ. ಆಕೆ ಕಣ್ಣನ್ನು ಕಿರಿದುಮಾಡಿ, ತಲೆಯನ್ನು ಪಕ್ಕಕ್ಕೆ ತಿರುಗಿಸುತ್ತಾಳೆ. ಇದು ಆಕೆಯ ಕಣ್ಣಿನ ದೋಷವಲ್ಲ. ಕತ್ತಲೆಗೆ ಹೊಂದಿಕೊಳ್ಳಲು ಅಗಲವಾಗಿ ತೆರೆದುಕೊಂಡಿದ್ದ ಕಣ್ಣಿನ ಪಾಪೆಯೊಳಕ್ಕೆ ಒಮ್ಮೆಲೇ ಅತಿಯಾದ ಬೆಳಕು ನುಗ್ಗಿದುದರ ಫಲ. ಹೀಗಾಗಿಯೇ ಹೊಳೆಯುವ ಪುಟಗಳನ್ನು ಕಪ್ಪಾಗಿಸುವ ಉಪಾಯಗಳನ್ನು ಜನ ಹುಡುಕತೊಡಗಿದರು.

ಹಾಗಾದರೆ ಕರಿಯ ಪುಟ ಯಾವಾಗಲೂ ಕಣ್ಣಿಗೆ ಹಿತವೇ? ಈ ಪ್ರಶ್ನೆಗೆ ಹೌದೆಂದು ಹೇಳುವವರು ಬಹಳ ಮಂದಿಯಿದ್ದಾರೆ; ಪ್ರಯೋಗ ಮಾಡಿ ನೋಡಿದವರ ಮಾತು ಬೇರೆಯಾಗಿದೆ. ಜರ್ಮನಿಯ ಡ್ಯುಸೆಲ್‌ಡಾರ್ಫ್ ವಿಶ್ವವಿದ್ಯಾನಿಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತರುಣರನ್ನೂ ವೃದ್ಧರನ್ನೂ ಪರೀಕ್ಷಿಸಿದರು. ಎರಡು ಗುಂಪಿನವರೂ ಬೆಳ್ಳಗಿನ ನೆಲದ ಮೇಲಿನ ಕರಿಯ ಅಕ್ಷರವನ್ನೇ ಹೆಚ್ಚು ಚೆನ್ನಾಗಿ ಗುರುತಿಸಿದರು. ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಬೆಳಕು ಹೆಚ್ಚಾದಾಗ ಪಾಪೆ ಕಿರಿದಾಗುತ್ತದೆ. ಕಿರಿದಾದ ರಂಧ್ರದ ಮೂಲಕ ಬಂದ ಬೆಳಕು ಅಕ್ಷಿಪಟಲದ ಮೇಲೆ ಸ್ಫುಟವಾದ ಬಿಂಬವನ್ನು ಮೂಡಿಸುತ್ತದೆ. ಸಮೀಪದೃಷ್ಟಿಯುಳ್ಳವರು ದೂರದ ಬಸ್ಸಿನ ಫಲಕವನ್ನು ಓದಲು ಕಣ್ಣನ್ನು ಕಿರಿದುಗೊಳಿಸುವುದು ಇದೇ ತತ್ತ್ವವನ್ನು ಅರಿಯದೆಯೇ ಅನುಸರಿಸಿದಂತೆ. ಕರಿಯ ಪುಟದ ಮುಂದೆ ಪಾಪೆ ಅಗಲವಾಗುತ್ತದೆ. ಕಣ್ಣಿನ ಮಸೂರದ ಸಣ್ಣಪುಟ್ಟ ದೋಷಗಳೆಲ್ಲ ಆಗ ಬಿಂಬದಲ್ಲಿ ತಲೆಯೆತ್ತುತ್ತವೆ. ಆದುದರಿಂದ ಹಗಲಿನಲ್ಲಿ, ಬೆಳಕು ಚೆನ್ನಾಗಿರುವ ಕೋಣೆಯಲ್ಲಿ, ನೆಟ್ಟಗಿನ ಕಣ್ಣುಳ್ಳವರಿಗೆ ಬಿಳಿಯ ಪುಟವೇ ಮೇಲು.

ಆದರೆ ಎಲ್ಲರ ಕಣ್ಣೂ ಒಂದೇ ಬಗೆಯದಲ್ಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಗಾರ್ಡನ್ ಲೆಗ್ ಮತ್ತು ಅವರ ಸಹೋದ್ಯೋಗಿಗಳು 1985ರಲ್ಲಿ ದೃಷ್ಟಿಮಾಂದ್ಯವುಳ್ಳವರ ಓದನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಕಣ್ಣಿನೊಳಗಿನ ಪಾರದರ್ಶಕ ಭಾಗಗಳು ಪೊರೆ ಮುಂತಾದ ಕಾರಣಗಳಿಂದ ಮಸುಕಾಗಿದ್ದವರು ಕರಿಯ ನೆಲದ ಮೇಲಿನ ಬಿಳಿಯ ಅಕ್ಷರವನ್ನು ಹೆಚ್ಚು ವೇಗವಾಗಿ ಓದಬಲ್ಲರೆಂದು ಅವರು ಕಂಡುಕೊಂಡರು. ಮಂಜು ಕವಿದ ಬೆಳಗಿನಲ್ಲಿ ಬಸ್ಸಿನ ಚಾಲಕನು ದೀಪದ ಪ್ರಖರತೆಯನ್ನು ಹೆಚ್ಚಿಸಿದರೆ ರಸ್ತೆ ಕಾಣುವುದಕ್ಕೆ ಬದಲಾಗಿ ಕಣ್ಣೆದುರು ಬೆಳ್ಳಗಿನ ಗೋಡೆಯೇ ಎದ್ದುನಿಲ್ಲುತ್ತದೆಯಷ್ಟೆ. ಪೊರೆ ಬಂದ ಕಣ್ಣಿಗೆ ಬಿಳಿಯ ಪುಟವೂ ಹಾಗೆಯೇ. ಪುಟದ ಬೆಳಕು ಮಸುಕಾದ ಮಸೂರದಲ್ಲಿ ಚದರಿ, ಅಕ್ಷರಗಳ ಮೇಲೆಯೇ ತೆರೆಯಂತೆ ಹರಡಿಕೊಳ್ಳುತ್ತದೆ. ಪುಟವನ್ನು ಕಪ್ಪಾಗಿಸಿದರೆ ಚದರುವ ಬೆಳಕೇ ಕಡಮೆಯಾಗುತ್ತದೆ. ಇಂಥವರ ಪಾಲಿಗೆ ಕರಿಯ ಪುಟವು ಶೋಕಿಯ ವಸ್ತುವಲ್ಲ. ದಿನಪತ್ರಿಕೆಯನ್ನು ತಾವೇ ಓದುವುದೇ ಅಥವಾ ಮತ್ತೊಬ್ಬರಿಂದ ಓದಿಸಿಕೊಳ್ಳುವುದೇ ಎಂಬುದು ಅದರಿಂದ ನಿರ್ಧಾರವಾಗುತ್ತದೆ.

ಕನ್ನಡದ ಓದುಗರು ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕರಿಯ ನೆಲದ ಮೇಲಿನ ಹೊಳೆಯುವ ಅಕ್ಷರವು ತನ್ನ ಅಂಚನ್ನು ಮೀರಿ ಸ್ವಲ್ಪ ಹರಡಿದಂತೆ ತೋರುತ್ತದೆ. ಅಸಮದೃಷ್ಟಿಯ ದೋಷವುಳ್ಳವರಿಗೆ ಈ ಹರಡುವಿಕೆ ಇನ್ನೂ ಹೆಚ್ಚು. ನಮ್ಮ ಲಿಪಿಯಲ್ಲಿ ಬಕಾರಕ್ಕೂ ಭಕಾರಕ್ಕೂ, ದಕಾರಕ್ಕೂ ಧಕಾರಕ್ಕೂ ಇರುವ ಭೇದವೆಲ್ಲ ಕೆಳಗಿನ ಒಂದು ಸಣ್ಣ ಸೀಳಿನಲ್ಲಿದೆ. ಒತ್ತಕ್ಷರಗಳಾದರೋ ಸಾಲಿನ ಕೆಳಗೆ ಮುದುರಿಕೊಂಡು ಕುಳಿತಿರುತ್ತವೆ. ಅಕ್ಷರದ ಹೊಳಪು ಅತಿಯಾದರೆ ಆ ಸೀಳು ಮುಚ್ಚಿಹೋಗಿ ಭಾರವು ಬಾರವಾಗಬಹುದು, ಧನವು ದನವಾಗಬಹುದು. ಅಚ್ಚ ಕಪ್ಪಿನ ಮೇಲೆ ಅಚ್ಚ ಬಿಳುಪನ್ನಿಡದೆ, ಬೂದು ಬೆರೆತ ಕಪ್ಪಿನ ಮೇಲೆ ಮಾಸಲು ಬಿಳುಪನ್ನಿಟ್ಟು, ಅಕ್ಷರವನ್ನು ತುಸು ದೊಡ್ಡದಾಗಿಸಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಸ್ಲೇಟಿನ ಬಣ್ಣವೂ ಅಚ್ಚ ಕಪ್ಪಲ್ಲ, ಬಳಪದ ಬಣ್ಣವೂ ಅಚ್ಚ ಬಿಳುಪಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಹೀಗೆ ಒಬ್ಬರಿಗೆ ಬಿಳುಪು, ಒಬ್ಬರಿಗೆ ಕಪ್ಪು, ಒಬ್ಬರಿಗೇ ಹಗಲಿನಲ್ಲಿ ಒಂದು ಮತ್ತು ಇರುಳಿನಲ್ಲಿ ಇನ್ನೊಂದು ಬೇಕಾಗುವುದಾದರೆ, ಪುಟದ ಬಣ್ಣವನ್ನು ಗೊತ್ತುಮಾಡುವ ಅಧಿಕಾರ ಯಾರದು? ಬರೆದವನದೇ, ಓದುವವನದೇ? ಅಚ್ಚಾದ ಪುಸ್ತಕದ ವಿಷಯದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಅಂತರಜಾಲದ ನಿರ್ಮಾಪಕರಲ್ಲಿ ಕೆಲವರು ಈ ಪ್ರಶ್ನೆಯನ್ನು ಆರಂಭದಲ್ಲಿಯೇ ಎತ್ತಿಕೊಂಡಿದ್ದರೆಂಬುದು ಸಂತೋಷದ ಸಂಗತಿ. 1994ರ ಅಕ್ಟೋಬರ್ ತಿಂಗಳಿನಲ್ಲಿ, ಯೂರೋಪಿನ ‘ಸೆರ್ನ್’ ಸಂಶೋಧನಾಲಯದಲ್ಲಿದ್ದ ನಾರ್ವೆ ದೇಶದ ಹೋಕೊನ್ ವಿಯುಮ್ ಲೀ ಎಂಬವರು ಜಾಲಪುಟಗಳ ಬಣ್ಣ, ಅಕ್ಷರದ ಗಾತ್ರ ಮುಂತಾದವುಗಳನ್ನು ನಿಯಮಗಳ ರೂಪದಲ್ಲಿ ಬರೆಯುವ ಒಂದು ವಿಧಾನವನ್ನು ಸೂಚಿಸಿದರು. ಅದನ್ನು ‘ಸಿಎಸ್‌ಎಸ್’ ಎಂದು ಕರೆಯುತ್ತಾರೆ. ಪುಟವನ್ನು ರಚಿಸಿದವನ ಇಚ್ಛೆ ಮತ್ತು ಓದುವವನ ಇಚ್ಛೆ ಇವೆರಡೂ ಮೇಲಿನಿಂದ ಕೆಳಕ್ಕೆ ಧುಮುಕುವ ನೀರಿನಂತೆ ಬಂದು ಕೂಡಿಕೊಳ್ಳಬೇಕೆಂಬುದು ಆ ಯೋಜನೆಯ ತಿರುಳು. ಯಾರ ಮಾತು ಶೇಕಡ ಎಷ್ಟರ ಮಟ್ಟಿಗೆ ನಡೆಯಬೇಕೆಂದು ಅಂಕಿಯಲ್ಲಿ ಹೇಳುವ ಏರ್ಪಾಡೂ ಮೊದಲ ಸೂಚನೆಯಲ್ಲಿತ್ತು. ಶೇಕಡಾವಾರು ಲೆಕ್ಕ ಮುಂದೆ ಉಳಿಯಲಿಲ್ಲವಾದರೂ ಮೂಲಭಾವ ಉಳಿಯಿತು. 1996ರಲ್ಲಿ ಹೊರಬಂದ ಮೊದಲ ನಿಯಮಾವಳಿಯಲ್ಲಿ, ಎರಡು ಇಚ್ಛೆಗಳಿಗೂ ಘರ್ಷಣೆಯಾದರೆ ಪುಟ ರಚಿಸಿದವನ ಮಾತೇ ಕೊನೆಯದಾಗಿತ್ತು. 1998ರ ಎರಡನೆಯ ನಿಯಮಾವಳಿಯಲ್ಲಿ ಇದನ್ನು ತಿದ್ದಿ, ಓದುವವನು ‘ಇದು ನನಗೆ ಅಗತ್ಯ’ ಎಂದು ಗುರುತುಹಾಕಿದ ನಿಯಮವೇ ಗೆಲ್ಲಬೇಕೆಂದು ವಿಧಿಸಿದರು. ಕಣ್ಣಿನ ತೊಂದರೆಯುಳ್ಳವರಿಗೆ ಬೇಕಾದ ಬಣ್ಣವೂ ಗಾತ್ರವೂ ದೊರೆಯಲೇಬೇಕು ಎಂಬುದು ಈ ತಿದ್ದುಪಡಿಯ ಕಾರಣ.

ನಿಯಮವೇನೋ ಉದಾರವಾದುದೇ. ಆದರೆ ಅದನ್ನು ಬಳಸುವ ದಾರಿ ಸಾಮಾನ್ಯ ಓದುಗರಿಗೆ ಎಂದೂ ಸುಲಭವಾಗಿರಲಿಲ್ಲ. ಓದುವವನು ತನ್ನ ನಿಯಮಗಳನ್ನು ತಾನೇ ಬರೆದು, ಬ್ರೌಸರಿನ ಒಳಗಣ ಯಾವುದೋ ಮೂಲೆಯ ಕಡತದಲ್ಲಿ ಇಡಬೇಕಾಗಿತ್ತು. ಹೀಗೆ ಮಾಡುವವರು ವಿರಳವಾದುದರಿಂದ ಬ್ರೌಸರುಗಳೂ ಆ ಬಾಗಿಲನ್ನು ಕ್ರಮೇಣ ಮುಚ್ಚಿದವು. ಗೂಗಲ್ ಸಂಸ್ಥೆಯ ಕ್ರೋಮ್ ಬ್ರೌಸರು 2014ರಲ್ಲಿ ಅದನ್ನು ತೆಗೆದುಹಾಕಿತು. ಫೈರ್‌ಫಾಕ್ಸಿನಲ್ಲಿ ಅದು ಉಳಿದಿದೆಯಾದರೂ 2019ರಿಂದ ಓದುವವನೇ ಗುಪ್ತವಾದ ಒಂದು ಗುಂಡಿಯನ್ನು ಹುಡುಕಿ ಒತ್ತದೆ ಅದು ಕೆಲಸ ಮಾಡುವುದಿಲ್ಲ. ಕಾಗದದ ಮೇಲೆ ಕೊಟ್ಟ ಹಕ್ಕನ್ನು ಹೀಗೆ ಕೈಯಲ್ಲಿ ಕಸಿದುಕೊಂಡುದು ಸರಿಯಾದ ನಡೆಯಲ್ಲ. ಈ ತೆರವನ್ನು ತುಂಬಿದುದು ವಿಸ್ತರಣೆಗಳು.

ವಿಸ್ತರಣೆ ಅಥವಾ ಎಕ್ಸ್‌ಟೆನ್ಷನ್ ಎಂದರೆ ಬ್ರೌಸರಿಗೆ ಹೊರಗಿನಿಂದ ಜೋಡಿಸುವ ಸಣ್ಣದೊಂದು ತಂತ್ರಾಂಶ. ಬ್ರೌಸರನ್ನು ನಿರ್ಮಿಸಿದವರು ಕೊಡದಿದ್ದ ಅನುಕೂಲವನ್ನು ಇದು ಒದಗಿಸುತ್ತದೆ. 2005ರಲ್ಲಿ ಜೇಸನ್ ಬಾರ್ನಾಬೆ ಎಂಬವರು ಫೈರ್‌ಫಾಕ್ಸಿಗಾಗಿ ‘ಸ್ಟೈಲಿಶ್’ ಎಂಬ ವಿಸ್ತರಣೆಯನ್ನು ರಚಿಸಿದರು. ಒಬ್ಬರು ಬರೆದ ಬಣ್ಣದ ನಿಯಮಗಳನ್ನು ಮತ್ತೊಬ್ಬರು ಪಡೆದು ತಮ್ಮ ಬ್ರೌಸರಿನಲ್ಲಿ ಬಳಸಲು ಅದರಿಂದ ಸಾಧ್ಯವಾಯಿತು. 2014ರಲ್ಲಿ ಅಲೆಕ್ಸಾಂಡರ್ ಶುಟಾವ್ ಎಂಬವರು ಆರಂಭಿಸಿದ ‘ಡಾರ್ಕ್ ರೀಡರ್’ ಇನ್ನೂ ಮುಂದೆ ಹೋಯಿತು. ಒಂದೊಂದು ತಾಣಕ್ಕೂ ಬೇರೆ ಬೇರೆ ನಿಯಮವನ್ನು ಹುಡುಕಬೇಕಾದ ಅಗತ್ಯವಿಲ್ಲದೆ, ತೆರೆದ ಪುಟವನ್ನೆಲ್ಲ ಅದು ತಾನಾಗಿಯೇ ಕಪ್ಪಾಗಿಸುತ್ತದೆ.

ಈ ಕೆಲಸ ನಡೆಯುವ ಬಗೆ ಸ್ವಾರಸ್ಯವಾಗಿದೆ. ಪರದೆಯ ಮೇಲಿನ ಪ್ರತಿಯೊಂದು ಬಣ್ಣವೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಮಿಶ್ರಣ. ಒಂದೊಂದರ ಪ್ರಮಾಣವನ್ನೂ 0ಯಿಂದ 255ರವರೆಗಿನ ಅಂಕಿಯಿಂದ ಸೂಚಿಸುತ್ತಾರೆ. ಮೂರೂ 255 ಆದರೆ ಬಿಳುಪು. ಮೂರೂ 0 ಆದರೆ ಕಪ್ಪು. ಆದುದರಿಂದ ಪುಟವನ್ನು ಕಪ್ಪಾಗಿಸುವ ಅತ್ಯಂತ ಸುಲಭವಾದ ಉಪಾಯವೆಂದರೆ ಪ್ರತಿಯೊಂದು ಅಂಕಿಯನ್ನೂ 255ರಿಂದ ಕಳೆಯುವುದು. ಬಿಳುಪು ಕಪ್ಪಾಗುತ್ತದೆ, ಕಪ್ಪು ಬಿಳುಪಾಗುತ್ತದೆ. ಆದರೆ ಇದೇ ಲೆಕ್ಕವನ್ನು ಕೆಂಪಿಗೆ ಅನ್ವಯಿಸಿದರೆ 255, 0, 0 ಎಂಬುದು 0, 255, 255 ಆಗಿ, ಕೆಂಪು ಹೋಗಿ ಹಸಿರು ಬೆರೆತ ನೀಲಿ ಬರುತ್ತದೆ. ಎಚ್ಚರಿಕೆಗೆಂದು ಕೆಂಪಿನಲ್ಲಿ ಬರೆದ ಮಾತು ತಣ್ಣಗಿನ ನೀಲಿಯಾಗಿ ಕುಳಿತರೆ ಗತಿಯೇನು? ಛಾಯಾಚಿತ್ರಗಳ ಪಾಡಂತೂ ಇನ್ನೂ ವಿಚಿತ್ರ. ಹಿಂದೆ ಸ್ಟುಡಿಯೋಗಳಲ್ಲಿ ಫಿಲ್ಮನ್ನು ಬೆಳಕಿಗೆ ಹಿಡಿದಾಗ ಕಾಣುತ್ತಿದ್ದಂತೆ, ಮುಖ ಕಪ್ಪಾಗಿ ತಲೆಗೂದಲು ಬೆಳ್ಳಗಾಗಿ, ಪರಿಚಿತರೂ ಅಪರಿಚಿತರಾಗುತ್ತಾರೆ. ಇದನ್ನು ಸರಿಪಡಿಸಲು ಬಣ್ಣಗಳನ್ನು ವರ್ಣಚಕ್ರದಲ್ಲಿ ಅರ್ಧ ಸುತ್ತು ತಿರುಗಿಸಿ ಕೆಂಪನ್ನು ಕೆಂಪಿನ ಸಮೀಪಕ್ಕೆ ತರುತ್ತಾರೆ; ಚಿತ್ರಗಳನ್ನು ಮಾತ್ರ ಎರಡನೆಯ ಬಾರಿ ತಿರುಗುಮುರುಗು ಮಾಡಿ ಮೊದಲ ಸ್ಥಿತಿಗೆ ಮರಳಿಸುತ್ತಾರೆ.

ಡಾರ್ಕ್ ರೀಡರಿನಂಥ ವಿಸ್ತರಣೆಗಳು ಇದಕ್ಕಿಂತ ನಾಜೂಕಾದ ಮಾರ್ಗವನ್ನು ಅನುಸರಿಸುತ್ತವೆ. ಪುಟದ ನಿಯಮಗಳನ್ನೆಲ್ಲ ಓದಿ, ಇದು ಹಿನ್ನೆಲೆಯ ಬಣ್ಣ, ಇದು ಅಕ್ಷರದ ಬಣ್ಣ, ಇದು ಅಂಚಿನ ಗೆರೆಯದು ಎಂದು ವಿಂಗಡಿಸಿ, ವರ್ಣವನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು ಅದರ ಹೊಳಪನ್ನು ಮಾತ್ರ ಏರಿಳಿಸುತ್ತವೆ. ಅದರಲ್ಲಿ ಮೊದಲೇ ಗೊತ್ತುಪಡಿಸಿರುವ ಹಿನ್ನೆಲೆಯ ಅಂಕಿಗಳು 24, 26, 27. ಅಕ್ಷರದ ಅಂಕಿಗಳು 232, 230, 227. ಎಂದರೆ ಅದೂ ಅಚ್ಚ ಕಪ್ಪಲ್ಲ, ಇದೂ ಅಚ್ಚ ಬಿಳುಪಲ್ಲ. ಬಳಪ ಹಿಡಿದವರು ಎಂದೋ ಕಂಡುಕೊಂಡಿದ್ದ ಮಧ್ಯಮಮಾರ್ಗಕ್ಕೆ ಯಂತ್ರವೂ ಬಂದು ಸೇರಿತು.

ಈ ವಿಧಾನವೂ ದೋಷರಹಿತವಲ್ಲ. ನಿಯಮಗಳನ್ನು ಓದಿ ತಿದ್ದಲು ಸಮಯ ಹಿಡಿಯುವುದರಿಂದ ದೊಡ್ಡ ಪುಟಗಳು ನಿಧಾನವಾಗುವುದುಂಟು. ವಿದ್ಯಾರ್ಥಿಗಳಿಗೆ ಮುಖ್ಯವಾದ ಮತ್ತೊಂದು ತೊಡಕಿದೆ. ಗಣಿತದ ಸೂತ್ರಗಳನ್ನೂ ರಸಾಯನಶಾಸ್ತ್ರದ ರಚನಾಚಿತ್ರಗಳನ್ನೂ ಎಷ್ಟೋ ತಾಣಗಳಲ್ಲಿ ಪಾರದರ್ಶಕವಾದ ನೆಲದ ಮೇಲೆ ಕರಿಯ ಗೆರೆಗಳಿಂದ ಬರೆದಿರುತ್ತಾರೆ. ಹಿಂದಿನ ಪುಟ ಕಪ್ಪಾದೊಡನೆ ಆ ಗೆರೆಗಳು ಕಪ್ಪಿನಲ್ಲಿ ಕಪ್ಪಾಗಿ ಕರಗಿಹೋಗುತ್ತವೆ. ಪಾಠದಲ್ಲಿ ಸೂತ್ರವೇ ಇಲ್ಲವೆಂದು ಓದುವವನು ಭ್ರಮಿಸುತ್ತಾನೆ. ವಾಕ್ಯದ ನಡುವೆ ಕಾರಣವಿಲ್ಲದೆ ಖಾಲಿ ಜಾಗ ಕಂಡರೆ ವಿಸ್ತರಣೆಯನ್ನು ಒಮ್ಮೆ ನಿಲ್ಲಿಸಿ ನೋಡುವುದು ಜಾಣತನ.

ಇವೆಲ್ಲ ಸಣ್ಣ ತೊಡಕುಗಳು. ದೊಡ್ಡದು ಬೇರೆಯೇ ಇದೆ. ಇಂಥ ವಿಸ್ತರಣೆಯನ್ನು ಜೋಡಿಸಲು ಹೊರಟಾಗ ಬ್ರೌಸರು ಒಂದು ಎಚ್ಚರಿಕೆಯನ್ನು ತೋರಿಸುತ್ತದೆ. ಎಲ್ಲ ತಾಣಗಳಲ್ಲಿಯೂ ಇರುವ ನಿಮ್ಮ ಮಾಹಿತಿಯನ್ನು ಓದಲೂ ಬದಲಾಯಿಸಲೂ ಇದಕ್ಕೆ ಅನುಮತಿ ಕೊಡುವಿರಾ ಎಂಬುದು ಅದರ ತಾತ್ಪರ್ಯ. ಬಹುಮಂದಿ ಇದನ್ನು ಓದದೆಯೇ ಗುಂಡಿಯನ್ನು ಒತ್ತುತ್ತಾರೆ. ಅನುಮತಿಯನ್ನು ಕೇಳುವುದರಲ್ಲಿ ಮೋಸವೇನೂ ಇಲ್ಲ. ಮನೆಯ ಗೋಡೆಗೆ ಬಣ್ಣ ಬಳಿಯಬೇಕಾದವನಿಗೆ ಒಳಕ್ಕೆ ಬರಲು ಬಿಡಲೇಬೇಕು. ಆದರೆ ಒಳಕ್ಕೆ ಬಂದವನಿಗೆ ಗೋಡೆಯಷ್ಟೇ ಅಲ್ಲ, ಪೆಟ್ಟಿಗೆ ಬೀರುಗಳೂ ಕಾಣುತ್ತವೆ. ಪುಟದ ಬಣ್ಣವನ್ನು ಬದಲಾಯಿಸಬಲ್ಲ ವಿಸ್ತರಣೆಯು ಆ ಪುಟದಲ್ಲಿನ ಪತ್ರವನ್ನೂ, ಬ್ಯಾಂಕಿನ ಲೆಕ್ಕವನ್ನೂ, ರೋಗದ ವಿಷಯವಾಗಿ ಹುಡುಕಿದ ಮಾತನ್ನೂ ಓದಬಲ್ಲುದು. ಓದುತ್ತದೆಯೇ ಇಲ್ಲವೇ ಎಂಬುದು ಅದನ್ನು ರಚಿಸಿದವರ ಪ್ರಾಮಾಣಿಕತೆಯನ್ನು ಅವಲಂಬಿಸಿದೆ.

ಈ ಭಯ ಕಲ್ಪನೆಯದಲ್ಲವೆಂಬುದಕ್ಕೆ ಮೇಲೆ ಹೇಳಿದ ಸ್ಟೈಲಿಶ್ ವಿಸ್ತರಣೆಯ ಚರಿತ್ರೆಯೇ ಸಾಕ್ಷಿ. ಸದುದ್ದೇಶದಿಂದ ಹುಟ್ಟಿದ ಅದು ಬಹುಕಾಲ ಜನಪ್ರಿಯವಾಗಿತ್ತು. 2016ರಲ್ಲಿ ಅದರ ಒಡೆತನ ಕೈ ಬದಲಾಯಿಸಿತು. ಹೆಸರು ಅದೇ, ಗುರುತು ಅದೇ, ಪುಟಗಳಿಗೆ ಬಣ್ಣ ಹಾಕುವ ಕೆಲಸವೂ ಅದೇ. ಮುಂದಿನ ವರ್ಷದಿಂದ, ಬಳಸುವವರು ಯಾವ ಯಾವ ತಾಣಗಳಿಗೆ ಹೋಗುತ್ತಾರೆಂಬ ವಿವರವನ್ನು ಅದು ತನ್ನ ಒಡೆಯರಿಗೆ ಕಳುಹಿಸತೊಡಗಿತು. 2018ರ ಜುಲೈ ತಿಂಗಳಿನಲ್ಲಿ ತಂತ್ರಾಂಶ ತಜ್ಞರೊಬ್ಬರು ಈ ಸಂಗತಿಯನ್ನು ಬಿಡಿಸಿ ಬರೆದು ಪ್ರಕಟಿಸಿದರು. ಒಡನೆಯೇ ಫೈರ್‌ಫಾಕ್ಸಿನ ಮೊಜಿಲ್ಲ ಸಂಸ್ಥೆಯೂ ಗೂಗಲ್ ಸಂಸ್ಥೆಯೂ ತಮ್ಮ ಭಂಡಾರಗಳಿಂದ ಅದನ್ನು ತೆಗೆದುಹಾಕಿದವು. ಕೆಲಕಾಲದ ಮೇಲೆ ಅದು ಮತ್ತೆ ಕಾಣಿಸಿಕೊಂಡಿತು. ಈ ನಡುವೆ ಅದರ ಹಳೆಯ ರೂಪವನ್ನು ಆಧರಿಸಿ, ಇಂಥ ವಿವರಗಳನ್ನು ಸಂಗ್ರಹಿಸದ ‘ಸ್ಟೈಲಸ್’ ಎಂಬ ಬೇರೊಂದು ವಿಸ್ತರಣೆಯನ್ನು ಸ್ವಯಂಸೇವಕರು ಸಿದ್ಧಪಡಿಸಿದ್ದರು. ಒಳ್ಳೆಯದೆಂದು ಒಮ್ಮೆ ಜೋಡಿಸಿದುದು ಎಂದೆಂದಿಗೂ ಒಳ್ಳೆಯದಾಗಿಯೇ ಉಳಿಯಬೇಕಾಗಿಲ್ಲ. ಬಳಸುವವನಿಗೆ ತಿಳಿಯದೆಯೇ ಅದರ ಒಳಗು ಬದಲಾಗಬಹುದು.

ಆದುದರಿಂದ ಹುಡುಕುವ ಕ್ರಮದಲ್ಲಿ ಎಚ್ಚರ ಬೇಕು. ಜಾಹೀರಾತಿನ ಬೆನ್ನು ಹಿಡಿದು ಹೋಗದೆ, ಬ್ರೌಸರಿನವರೇ ನಡೆಸುವ ಭಂಡಾರದಲ್ಲಿ ಹುಡುಕಬೇಕು. ಅಲ್ಲಿಯೂ ಜನಪ್ರಿಯ ವಿಸ್ತರಣೆಯೊಂದರ ಹೆಸರಿಗೆ ಒಂದಕ್ಷರ ಸೇರಿಸಿಯೋ, ಅದರ ಚಿಹ್ನೆಯನ್ನು ಹೋಲುವ ಚಿಹ್ನೆಯನ್ನಿಟ್ಟೋ ನಕಲುಗಳು ಬರುವುದುಂಟು; ರಚಿಸಿದವರ ಹೆಸರನ್ನು ನೋಡಿ ಅಸಲನ್ನು ಗುರುತಿಸಬೇಕಾಗುತ್ತದೆ. ಸಂಗ್ರಹಿಸುವ ಮಾಹಿತಿ ಯಾವುದು ಎಂಬ ಹೇಳಿಕೆ ಭಂಡಾರದ ಪುಟದಲ್ಲಿಯೇ ಇರುತ್ತದೆ. ಎಷ್ಟು ಮಂದಿ ಬಳಸುತ್ತಾರೆಂಬ ಅಂಕಿಗಿಂತ ಈ ಹೇಳಿಕೆಗೆ ಬೆಲೆ ಹೆಚ್ಚು. ಡಾರ್ಕ್ ರೀಡರಿನ ಮೂಲ ಬರಹವನ್ನು ಯಾರು ಬೇಕಾದರೂ ಓದಿ ಪರೀಕ್ಷಿಸುವಂತೆ ಬಹಿರಂಗವಾಗಿಟ್ಟಿದ್ದಾರೆ. ಎಲ್ಲರೂ ಅದನ್ನು ಓದಿ ಅರಿಯಲಾರರು, ನಿಜ. ಆದರೆ ಅರಿಯಬಲ್ಲವರು ಓದಬಹುದೆಂಬ ಭಯವೇ ಒಂದು ಕಾವಲು. ಕ್ರೋಮ್ ಬ್ರೌಸರಿನಲ್ಲಿ 2018ರಿಂದ, ವಿಸ್ತರಣೆಗೆ ಎಲ್ಲ ತಾಣಗಳ ಬಾಗಿಲನ್ನೂ ತೆರೆಯದೆ, ಆಯ್ದ ಕೆಲವು ತಾಣಗಳಲ್ಲಿ ಮಾತ್ರ ಕೆಲಸ ಮಾಡಲು ಬಿಡುವ ಅನುಕೂಲವುಂಟು. ಪತ್ರಿಕೆ, ನಿಘಂಟು, ಪಾಠಗಳ ತಾಣ ಇಷ್ಟಕ್ಕೆ ಅನುಮತಿಯಿತ್ತು, ಬ್ಯಾಂಕು ಮತ್ತು ಅಂಚೆಯ ಪುಟಗಳನ್ನು ಬಿಳಿಯದಾಗಿಯೇ ಬಿಡಬಹುದು. ಶಾಲೆಯ ಕಂಪ್ಯೂಟರಿನಲ್ಲಿ ಹತ್ತಾರು ಮಂದಿ ಕುಳಿತೇಳುವುದರಿಂದ ಅಲ್ಲಿ ಇಂಥದನ್ನು ತಮ್ಮಷ್ಟಕ್ಕೆ ತಾವೇ ಜೋಡಿಸುವುದು ಸಲ್ಲದು.

ವಿಸ್ತರಣೆಯ ಅಗತ್ಯವೇ ಇಲ್ಲದ ಸಂದರ್ಭಗಳೂ ಈಗ ಹೆಚ್ಚುತ್ತಿವೆ. 2019ರಲ್ಲಿ ಫೋನುಗಳ ವ್ಯವಸ್ಥೆಯಲ್ಲಿಯೂ ಮುಖ್ಯ ಬ್ರೌಸರುಗಳಲ್ಲಿಯೂ ಓದುವವನು ಕತ್ತಲೆಯ ಬಣ್ಣವನ್ನು ಬಯಸುತ್ತಾನೆಯೇ ಎಂಬುದನ್ನು ಪುಟಕ್ಕೆ ತಿಳಿಸುವ ಏರ್ಪಾಡು ಬಂದಿತು. ಆ ಸೂಚನೆಯನ್ನು ಮನ್ನಿಸುವ ತಾಣಗಳು ತಾವೇ ಕಪ್ಪಾಗುತ್ತವೆ. ವಿಕಿಪೀಡಿಯವು 2024ರಲ್ಲಿ ಈ ಅನುಕೂಲವನ್ನು ಒದಗಿಸಿತು. ಫೈರ್‌ಫಾಕ್ಸಿನ ಓದುವ ನೋಟದಲ್ಲಿ ಜಾಹೀರಾತುಗಳೆಲ್ಲ ಮರೆಯಾಗಿ, ಲೇಖನವೊಂದೇ ಬೇಕಾದ ಬಣ್ಣದಲ್ಲಿ ನಿಲ್ಲುತ್ತದೆ. ಇದಾವುದೂ ಇಲ್ಲದಿದ್ದರೆ ಪರದೆಯ ಪ್ರಕಾಶವನ್ನು ಇಳಿಸಬಹುದು. ಕೋಣೆಯ ದೀಪವನ್ನು ಹಾಕಿಕೊಳ್ಳುವುದು ಎಲ್ಲಕ್ಕಿಂತ ಅಗ್ಗವಾದ ವಿಸ್ತರಣೆ. ಅದು ಯಾರ ಮಾಹಿತಿಯನ್ನೂ ಕೇಳುವುದಿಲ್ಲ.

ಕಪ್ಪು ಪುಟದಿಂದ ಬ್ಯಾಟರಿ ಉಳಿಯುತ್ತದೆಂಬ ಮಾತು ಪ್ರಚಾರದಲ್ಲಿದೆ. ಒಂದೊಂದು ಬಿಂದುವೂ ತಾನೇ ಬೆಳಗುವ ‘ಒಎಲ್‌ಇಡಿ’ ಪರದೆಗಳಿಗೆ ಮಾತ್ರ ಇದು ಸಲ್ಲುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದವರು 2021ರಲ್ಲಿ ಅಳೆದು ನೋಡಿದಾಗ, ಅಂಥ ಫೋನುಗಳಲ್ಲಿ ಪ್ರಕಾಶ ಪೂರ್ತಿಯಾಗಿದ್ದರೆ ಸರಾಸರಿ ಶೇಕಡ 39ರಿಂದ 47ರಷ್ಟು ಉಳಿತಾಯವಾಯಿತು. ಸಾಮಾನ್ಯವಾಗಿ ಒಳಾಂಗಣದಲ್ಲಿ ಬಳಸುವ ಪ್ರಕಾಶದಲ್ಲಿ ಉಳಿದುದು ಶೇಕಡ 3ರಿಂದ 9 ಮಾತ್ರ. ಹಿಂದಿನಿಂದ ದೀಪ ಹಾಯಿಸುವ ಸಾಮಾನ್ಯ ಪರದೆಗಳಲ್ಲಿ ಪುಟ ಕಪ್ಪಾದರೂ ದೀಪ ಉರಿಯುತ್ತಲೇ ಇರುವುದರಿಂದ ಹೆಚ್ಚಿನ ಲಾಭವಿಲ್ಲ.

ಒಂದೇ ಮನೆಯ ಒಂದೇ ಕಂಪ್ಯೂಟರಿನ ಮುಂದೆ ರಾತ್ರಿ ಓದುವ ಮೊಮ್ಮಗಳೂ, ಕಣ್ಣಿನಲ್ಲಿ ಪೊರೆ ಕಟ್ಟಿಕೊಂಡ ಅಜ್ಜನೂ ಕೂರುವುದಾದರೆ, ಅಜ್ಜನಿಗೆ ನಡುಹಗಲಿನಲ್ಲಿಯೂ ಪತ್ರಿಕೆಯ ಪುಟ ಕಪ್ಪಾಗಿರಬೇಕು. ಮೊಮ್ಮಗಳಿಗೆ ಹಗಲಿನಲ್ಲಿ ಬಿಳುಪೇ ಸಾಕು. ಡಾರ್ಕ್ ರೀಡರಿನಲ್ಲಿ ಆಲ್ಟ್, ಶಿಫ್ಟ್, ಡಿ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪುಟ ಕಪ್ಪಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಬೆಳ್ಳಗಾಗುತ್ತದೆ. ಶಸ್ತ್ರಚಿಕಿತ್ಸೆಯಿಂದ ಪೊರೆಯನ್ನು ತೆಗೆಸಿಕೊಂಡ ಮೇಲೆ ಅಜ್ಜನಿಗೂ ಹಗಲಿನ ಓದಿಗೆ ಬಿಳಿಯ ಪುಟವೇ ಸರಿಹೋಗಬಹುದು. ಆಗ ಆ ವಿಸ್ತರಣೆಯನ್ನು ಕಂಪ್ಯೂಟರಿನಿಂದ ತೆಗೆದುಹಾಕಲು ಒಂದು ನಿಮಿಷವೂ ಬೇಕಾಗುವುದಿಲ್ಲ.